ಜೀಪು ಏರುವ ಮುನ್ನ ಐದು ನಿಮಿಷ

ಮಕ್ಕಳಿಗೆ ರಜೆ ಬಂತೆಂದರೆ ಮನೆಮಂದಿಯೆಲ್ಲ ಒಟ್ಟಾಗಿ ಮಡಿಕೇರಿಗೆ ಹೊರಡುವುದು ಅನೇಕ ಕುಟುಂಬಗಳಲ್ಲಿ ವಾಡಿಕೆಯೇ ಆಗಿಬಿಟ್ಟಿದೆ. ಸಮುದ್ರ ಮಟ್ಟದಿಂದ ಮೂರೂವರೆ ಸಾವಿರ ಅಡಿಗೂ ಹೆಚ್ಚಿನ ಎತ್ತರದಲ್ಲಿರುವ ಈ ಊರಿನಲ್ಲಿ ಕಣ್ತುಂಬ ನೋಡುವ ಜಾಗಗಳು ಒಂದೆರಡಲ್ಲ. ಊರೊಳಗೇ ರಾಜಾಸೀಟ್ ಇದೆ, ಕೋಟೆಯಿದೆ, ರಾಜರ ಗದ್ದಿಗೆಯಿದೆ. ಸ್ವಲ್ಪ ದೂರದಲ್ಲಿ ಅಬ್ಬಿ ಜಲಪಾತ. ಇನ್ನೂ ಮುಂದೆ, ಪುಷ್ಪಗಿರಿ ಕಾಡಿನ ಸೀಮೆಯಲ್ಲಿ ಮಾಂದಲ್‌ಪಟ್ಟಿ. 2008ರಲ್ಲಿ ತೆರೆಕಂಡ ‘ಗಾಳಿಪಟ’ ಚಿತ್ರದಲ್ಲಿ ಮುಗಿಲ್‌ಪೇಟೆಯಾಗಿ ಕಾಣಿಸಿಕೊಂಡ ಮೇಲಂತೂ ಈ ಗುಡ್ಡಕ್ಕೆ ಜನರ ಸಾಲೇ ಹತ್ತಿದೆ.

ಈ ಗುಡ್ಡದ ಕೊನೆಯ ಹಾದಿ ಸಾಮಾನ್ಯ ಕಾರಿಗೆ ಹೇಳಿಸಿದ್ದಲ್ಲ. ಬಾಡಿಗೆ ಜೀಪನ್ನೇ ಹಿಡಿಯಬೇಕು. ಜೀಪಿನ ಚಾಲಕರೇ ಮಾರ್ಗದರ್ಶಿಯೂ ಆಗಿರುತ್ತಾರೆ. ಹಿಂದೆ ಎದುರುಬದುರು ಎರಡು ಉದ್ದ ಸೀಟು, ಬದಿಗೆ ತಡೆಯಿಲ್ಲ, ಮುಖಕ್ಕೆ ಮಂಜು ಬಡಿಯುವ ಗಾಳಿ. ಮಕ್ಕಳಿಗೆ ಹಬ್ಬವೋ ಹಬ್ಬ! ಆದರೆ ಅದೇ ಜೀಪಿನಲ್ಲಿ ಎಪ್ಪತ್ತು ದಾಟಿದ ಅಜ್ಜಿ ಇರುತ್ತಾರೆ. ಐದು ತಿಂಗಳ ಗರ್ಭಿಣಿ ಸೊಸೆ ಇರಬಹುದು. ಸೊಂಟನೋವಿನ ಯಜಮಾನರು, ತೊಡೆಯ ಮೇಲೊಂದು ಕೂಸು ಇರಬಹುದು. ಗುಡ್ಡದ ಮೇಲಿನ ನೋಟ ಎಲ್ಲರಿಗೂ ಒಂದೇ. ಆದರೆ ಅಲ್ಲಿಗೆ ಹೋಗುವ ಹಾದಿ ಎಲ್ಲರ ಮೈಗೂ ಒಂದೇ ಅಲ್ಲ.

ಆದ್ದರಿಂದ ಜೀಪು ಏರುವ ಮುನ್ನ ಐದು ನಿಮಿಷ ನಿಂತು ಎರಡು ವಿಷಯಗಳನ್ನು ತೀರ್ಮಾನಿಸಿಕೊಳ್ಳಿ. ಒಂದು, ಯಾರು ಹೋಗಬೇಕು, ಯಾರು ಹೋಗಬಾರದು. ಎರಡು, ಹೋಗುವವರಲ್ಲಿ ಯಾರು ಎಲ್ಲಿ ಕೂರಬೇಕು. ಪ್ರವಾಸದ ಸುಖ, ಸಂಕಟಗಳಲ್ಲಿ ಹೆಚ್ಚಿನ ಪಾಲು ಈ ಐದು ನಿಮಿಷಗಳಲ್ಲೇ ನಿರ್ಧಾರವಾಗುತ್ತದೆ.

ಬೆನ್ನೆಲುಬಿಗೆ ಬೀಳುವ ಪೆಟ್ಟು

ಕಲ್ಲು, ಕೊರಕಲಿನ ಹಾದಿಯಲ್ಲಿ ಜೀಪು ಹಳ್ಳಕ್ಕಿಳಿದು ಎದ್ದಾಗ ನಿಮ್ಮ ದೇಹಕ್ಕೆ ಏನಾಗುತ್ತದೆ? ಸೀಟು ಮೊದಲು ಕೆಳಕ್ಕೆ ಕುಸಿಯುತ್ತದೆ, ನೀವು ಕ್ಷಣಕಾಲ ಗಾಳಿಯಲ್ಲಿರುತ್ತೀರಿ. ಮರುಗಳಿಗೆಯಲ್ಲಿ ಸೀಟು ಮೇಲಕ್ಕೆ ಬಂದು ಗುದ್ದುತ್ತದೆ. ಆ ಪೆಟ್ಟು ಸೊಂಟದಿಂದ ಕತ್ತಿನವರೆಗೆ ಬೆನ್ನುಮೂಳೆಯ ಮಣಿಮಣಿಯನ್ನೂ ಹಾದುಹೋಗುತ್ತದೆ.

ಕುಳಿತ ಮನುಷ್ಯನ ಬೆನ್ನೆಲುಬಿಗೆ ತನ್ನದೇ ಒಂದು ಲಯವಿದೆ. ಸೆಕೆಂಡಿಗೆ ಸುಮಾರು 4ರಿಂದ 6 ಬಾರಿ ಮೇಲೆ ಕೆಳಗೆ ಕುಲುಕಿದರೆ ಅದು ಅತಿ ಹೆಚ್ಚು ತೂಗಾಡುತ್ತದೆ. ಉಯ್ಯಾಲೆಯನ್ನು ಸರಿಯಾದ ಗಳಿಗೆಯಲ್ಲಿ ತಳ್ಳಿದರೆ ಸಣ್ಣ ನೂಕಿಗೇ ಅದು ಮೇಲಕ್ಕೇರುವುದಿಲ್ಲವೇ, ಹಾಗೆ. ದುರದೃಷ್ಟಕ್ಕೆ ಒರಟು ಹಾದಿಯ ವಾಹನಗಳ ಕುಲುಕಾಟವೂ ಹೆಚ್ಚಾಗಿ ಇದೇ ಲಯದ ಆಸುಪಾಸಿನಲ್ಲಿರುತ್ತದೆ. ಟ್ರ್ಯಾಕ್ಟರ್, ಲಾರಿ ಚಾಲಕರಲ್ಲಿ ಸೊಂಟನೋವು ಹೆಚ್ಚಾಗಿರುವುದಕ್ಕೆ ಇದೂ ಒಂದು ಕಾರಣ. ಐರೋಪ್ಯ ಒಕ್ಕೂಟವು 2002ರಲ್ಲಿ ಕೆಲಸಗಾರರ ಮೈ ಎಷ್ಟು ಕುಲುಕಾಟಕ್ಕೆ ಒಳಗಾಗಬಹುದೆಂದು ಮಿತಿಯನ್ನೇ ಗೊತ್ತುಮಾಡಿತು. ಪ್ರವಾಸಿಗರಿಗೆ ಅಂಥ ಮಿತಿ ಹಾಕುವವರಿಲ್ಲ, ನಾವೇ ಹಾಕಿಕೊಳ್ಳಬೇಕು.

ಸೂರ್ಯೋದಯ ನೋಡಲು ಹೋಗುವವರು ಇನ್ನೊಂದು ಸಂಗತಿಯನ್ನು ತಿಳಿದಿರಬೇಕು. ಮಣಿಗಳ ನಡುವಿನ ಮೆತ್ತೆಗಳು, ಅಂದರೆ ಡಿಸ್ಕ್‌ಗಳು, ರಾತ್ರಿ ಮಲಗಿದಾಗ ನೀರನ್ನು ಹೀರಿ ಉಬ್ಬಿರುತ್ತವೆ. ಬೆಳಿಗ್ಗೆ ಎದ್ದ ಮೊದಲ ಒಂದು ಗಂಟೆ ಅವು ಬಿಗಿಯಾಗಿರುತ್ತವೆ. ಆ ಹೊತ್ತಿನಲ್ಲಿ ಬೆನ್ನು ಬಾಗಿಸಿದರೆ ಅವುಗಳ ಮೇಲೆ ಒತ್ತಡ ಹೆಚ್ಚು. ನಾಲ್ಕೂವರೆಗೆ ಹಾಸಿಗೆಯಿಂದ ಎದ್ದು ಐದಕ್ಕೇ ಜೀಪಿನಲ್ಲಿ ಬಗ್ಗಿ ಕುಳಿತರೆ ಸೊಂಟ ಮುನಿಯದೇ ಇರುತ್ತದೆಯೇ? ಅರ್ಧ ಗಂಟೆ ಮೊದಲೇ ಎದ್ದು ಕೋಣೆಯಲ್ಲೇ ಓಡಾಡಿ. ಮುಖ ತೊಳೆಯಲು ಬೇಕಾದರೆ ಸೊಂಟ ಬಗ್ಗಿಸದೆ ಮಂಡಿ ಮಡಚಿ.

ಯಾರು ಹೋಗಬಾರದು?

ಗರ್ಭಿಣಿಯರು ಈ ಜೀಪು ಹತ್ತುವುದು ಬೇಡ. ಡಾಂಬರು ರಸ್ತೆಯಲ್ಲಿ ಕಾರಿನ ಪ್ರಯಾಣಕ್ಕೂ ಇದಕ್ಕೂ ಅಜಗಜಾಂತರ. ಬಲವಾದ ಪೆಟ್ಟಿಗೆ, ಬೀಳುವಿಕೆಗೆ ಮಾಸು ಗರ್ಭಕೋಶದ ಗೋಡೆಯಿಂದ ಬಿಡಿಸಿಕೊಳ್ಳುವ ಅಪಾಯವಿದೆ. ಅಪರೂಪವಾದರೂ ಅದು ತಾಯಿ, ಮಗು ಇಬ್ಬರಿಗೂ ಪ್ರಾಣಾಂತಕ.

ಎರಡು ವರ್ಷದೊಳಗಿನ ಮಕ್ಕಳನ್ನೂ ಬಿಡಿ. ಅವರ ತಲೆ ಭಾರ, ಕತ್ತು ಎಳಸು. ‘ನಾನು ಗಟ್ಟಿಯಾಗಿ ಹಿಡಿದುಕೊಳ್ಳುತ್ತೇನೆ’ ಎಂಬ ತಾಯಿಯ ಧೈರ್ಯ ಇಲ್ಲಿ ಸಾಲದು. ಗಂಟೆಗೆ 40 ಕಿಲೋಮೀಟರ್ ವೇಗದ ಜೀಪು ಸೆಕೆಂಡಿನ ಹತ್ತನೇ ಒಂದು ಪಾಲಿನಲ್ಲಿ ಗಕ್ಕನೆ ನಿಂತರೆ, 10 ಕಿಲೋ ತೂಕದ ಮಗುವನ್ನು ಹಿಡಿದಿಡಲು 100 ಕಿಲೋ ಎತ್ತುವಷ್ಟು ಬಲ ಬೇಕಾಗುತ್ತದೆ. ಯಾವ ತೋಳಿಗೆ ಅಷ್ಟು ಶಕ್ತಿಯಿದೆ?

ಮುಟ್ಟು ನಿಂತು ವರ್ಷಗಳಾದ ಹೆಂಗಸರಲ್ಲಿ ಮೂಳೆ ಸವೆದು ಟೊಳ್ಳಾಗಿರುವುದು ಸಾಮಾನ್ಯ. ಅಂಥವರಲ್ಲಿ ವಾಹನ ಒಮ್ಮೆ ಎತ್ತಿಹಾಕಿದರೂ ಬೆನ್ನಿನ ಮಣಿ ಅಪ್ಪಚ್ಚಿಯಾಗಬಹುದು. ಮೊದಲಿಗಿಂತ ಎತ್ತರ ಕುಗ್ಗಿದವರು, ಬೆನ್ನು ಗೂನಾದವರು, ಸಣ್ಣ ಜಾರಾಟಕ್ಕೇ ಮಣಿಕಟ್ಟಿನ ಮೂಳೆ ಮುರಿದುಕೊಂಡವರು, ಬಹುಕಾಲ ಸ್ಟೀರಾಯ್ಡ್ ಮಾತ್ರೆ ಸೇವಿಸಿದವರು ಈ ಗುಂಪಿಗೆ ಸೇರುತ್ತಾರೆ. ಡಿಸ್ಕ್ ಜಾರಿ ಕಾಲಿಗೆ ಸೆಳೆತವಿರುವವರು, ಇತ್ತೀಚೆಗೆ ಹೊಟ್ಟೆ, ಕಣ್ಣು ಅಥವಾ ಬೆನ್ನಿನ ಶಸ್ತ್ರಚಿಕಿತ್ಸೆ ಆದವರು, ನಾಲ್ಕು ಹೆಜ್ಜೆ ಏರು ಹತ್ತಿದರೆ ಎದೆ ಹಿಡಿದಂತಾಗುವವರು ತಮ್ಮ ವೈದ್ಯರನ್ನು ಕೇಳದೆ ಹೊರಡಬಾರದು.

ಯಾರು ಎಲ್ಲಿ ಕೂರಬೇಕು?

ಸಾಮಾನ್ಯವಾಗಿ ಮನೆಯ ಯಜಮಾನರು ಚಾಲಕರ ಪಕ್ಕ ಕೂರುತ್ತಾರೆ. ಹೆಂಗಸರು, ಮಕ್ಕಳು, ಮುದುಕರು ಹಿಂದೆ. ಈ ಪದ್ಧತಿಯನ್ನು ತಲೆಕೆಳಗು ಮಾಡಿ! ಜೀಪಿನಲ್ಲಿ ಹಿಂದಿನ ಚಕ್ರಗಳ ಮೇಲೆ ಮತ್ತು ಅದರ ಹಿಂದೆ ಕೂತವರಿಗೇ ಅತಿ ಹೆಚ್ಚು ಎತ್ತೆತ್ತಿ ಹಾಕುವುದು. ಸಾಲದ್ದಕ್ಕೆ ಅಡ್ಡ ಸೀಟಿನಲ್ಲಿ ಕೂತವರು ಮುಂದಿನ ದಾರಿ ನೋಡಲು ಸೊಂಟ ತಿರುಚಿಕೊಂಡಿರುತ್ತಾರೆ. ತಿರುಚಿದ ಸೊಂಟಕ್ಕೆ ಬಿದ್ದ ಪೆಟ್ಟು ದುಪ್ಪಟ್ಟು ಕೆಟ್ಟದ್ದು.

ಮುಂದಿನ ಸೀಟು ಮನೆಯ ಹಿರಿಯರಿಗೆ ಅಥವಾ ಸೊಂಟ ಸೂಕ್ಷ್ಮವಿರುವವರಿಗೆ. ವಾಂತಿಯಾಗುವ ಮಗು ಅದರ ಬೆನ್ನಿಗೇ, ಉದ್ದ ಸೀಟಿನ ಮುಂತುದಿಯಲ್ಲಿ ಕೂರಲಿ. ಗಟ್ಟಿಮುಟ್ಟಾದ ಹರೆಯದವರು ಹಿಂಬಾಗಿಲ ಬಳಿ ಕೂರಲಿ. ಮಕ್ಕಳು ಎಂದಿಗೂ ಹಿಂತುದಿಯಲ್ಲಿ ಬೇಡ. ಸೀಟು ಬೆಲ್ಟ್ ಇದ್ದರೆ ಕಟ್ಟಿಕೊಳ್ಳಿ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯಲ್ಲಿ ಬೆಲ್ಟ್ ಕಟ್ಟದವರಿಗೆ ಮಾತ್ರವಲ್ಲ, 14 ವರ್ಷದೊಳಗಿನ ಮಕ್ಕಳನ್ನು ಬೆಲ್ಟ್ ಇಲ್ಲದೆ ಕೂರಿಸಿದವರಿಗೂ ಸಾವಿರ ರೂಪಾಯಿ ದಂಡವಿದೆ.

ಎರಡೂ ಪಾದಗಳನ್ನು ನೆಲಕ್ಕೆ ಊರಿ, ಬೆನ್ನನ್ನು ಹಿಂದಕ್ಕೆ ಆನಿಸಿ, ಒಂದು ಕೈಯಿಂದ ಕಂಬಿ ಹಿಡಿದು ಕುಳಿತುಕೊಳ್ಳಿ. ಮುಂದೆ ಹಳ್ಳ ಕಂಡಾಗ ಭಾರವನ್ನು ತುಸು ಕಾಲಿನ ಮೇಲೆ ಬಿಡಿ. ತೀರಾ ಮೆತ್ತಗಿನ ಸ್ಪಂಜಿನ ದಿಂಬು ಹಾಕಿಕೊಂಡರೆ ಅದು ನಿಮ್ಮನ್ನು ಇನ್ನಷ್ಟು ಮೇಲಕ್ಕೆಸೆಯಬಹುದು. ಮಡಚಿದ ಕಂಬಳಿಯೇ ಲೇಸು.

ಇನ್ನು ಕಂಬಿ ಹಿಡಿದು ಎದ್ದು ನಿಲ್ಲುವ ಚಪಲ. ನಿಂತರೆ ಮಂಡಿಗಳು ಪೆಟ್ಟನ್ನು ನುಂಗುತ್ತವೆ, ಬೆನ್ನಿಗೆ ಹಾಯೆನಿಸುತ್ತದೆ ಎಂಬುದು ನಿಜ. ಆದರೆ ತಿರುವಿನಲ್ಲಿ ಕೈ ಜಾರಿದರೆ ಬೀಳುವುದು ಜೀಪಿನೊಳಕ್ಕಲ್ಲ, ಹೊರಕ್ಕೆ. ಸೊಂಟನೋವಿಗೆ ಚಿಕಿತ್ಸೆಯಿದೆ. ತಲೆ ಕಲ್ಲಿಗೆ ಬಡಿದರೆ ಆಗುವ ಹಾನಿ ಎಷ್ಟೋ ಸಲ ಸರಿಹೋಗುವುದೇ ಇಲ್ಲ. ಚಿತ್ರ ತೆಗೆಯುವುದೆಲ್ಲ ಜೀಪು ನಿಂತ ಮೇಲೆ ಎಂಬ ನಿಯಮ ನಿಮ್ಮದಾಗಿರಲಿ.

ತಲೆಸುತ್ತು, ವಾಂತಿ

ಮೈಸೂರಿನ ಕಡೆಯಿಂದ ಬಂದರೂ, ಮಂಗಳೂರಿನಿಂದ ಸಂಪಾಜೆ ಘಾಟಿ ಹತ್ತಿ ಬಂದರೂ ತಿರುವುಗಳು ತಪ್ಪಿದ್ದಲ್ಲ. ಕಿವಿಯೊಳಗಿನ ಸಮತೋಲನದ ಅಂಗ ‘ನಾವು ತಿರುಗುತ್ತಿದ್ದೇವೆ’ ಎನ್ನುತ್ತದೆ. ಮೊಬೈಲು ನೋಡುತ್ತಿರುವ ಕಣ್ಣು ‘ಇಲ್ಲ, ಸುಮ್ಮನೆ ಕೂತಿದ್ದೇವೆ’ ಎನ್ನುತ್ತದೆ. ಈ ಜಗಳದಲ್ಲಿ ಸಂಕಟಪಡುವುದು ಹೊಟ್ಟೆ. ಎರಡರಿಂದ ಹನ್ನೆರಡು ವರ್ಷದ ಮಕ್ಕಳಿಗೆ ಇದರ ಕಾಟ ಹೆಚ್ಚು. ದೂರದ ಬೆಟ್ಟದ ಸಾಲನ್ನು ನೋಡುತ್ತಿರಲು ಹೇಳಿ. ಖಾಲಿ ಹೊಟ್ಟೆಯೂ ಬೇಡ, ಎಣ್ಣೆ ತಿಂಡಿಯೂ ಬೇಡ. ಎರಡು ಇಡ್ಲಿ ಸಾಕು. ಚೂರು ಶುಂಠಿ ಅಗಿದರೂ ಕೆಲವರಿಗೆ ಗುಣ ಕಾಣುತ್ತದೆ.

ವಾಂತಿ ತಡೆಯುವ ಪ್ರೊಮೆಥಜೀನ್‌ನಂಥ ಮಾತ್ರೆಗಳನ್ನು ಪ್ರಯಾಣಕ್ಕೆ ಒಂದೆರಡು ಗಂಟೆ ಮೊದಲೇ ತೆಗೆದುಕೊಳ್ಳಬೇಕು. ವಾಂತಿ ಶುರುವಾದ ಮೇಲೆ ನುಂಗಿ ಪ್ರಯೋಜನವಿಲ್ಲ. ಇವು ನಿದ್ದೆ ತರಿಸುತ್ತವೆ. ತೂಕಡಿಸುವವರು ತೆರೆದ ಜೀಪಿನ ಅಂಚಿನಲ್ಲಿ ಕೂರುವುದು ಅಪಾಯ. ಎರಡು ವರ್ಷದೊಳಗಿನ ಮಕ್ಕಳಿಗೆ ಕೊಡಲೇಬಾರದು. ಕಣ್ಣಿನ ಒತ್ತಡದ ಕಾಯಿಲೆ ಅಥವಾ ಪ್ರಾಸ್ಟೇಟ್ ತೊಂದರೆ ಇರುವವರು ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಬೇಕು.

ಚಳಿಯೂ ಉಂಟು, ಬಿಸಿಲೂ ಉಂಟು

ತೆರೆದ ಜೀಪಿನಲ್ಲಿ ಬೀಸುಗಾಳಿಯಿಂದ ಚಳಿ ಇನ್ನಷ್ಟು ಹೆಚ್ಚಾಗಿ ತಟ್ಟುತ್ತದೆ. ತಣ್ಣನೆಯ ಗಾಳಿಗೆ ಆಸ್ತಮಾ ಕೆರಳಬಹುದು. ಹೃದ್ರೋಗಿಗಳ ರಕ್ತನಾಳಗಳು ಬಿಗಿದು ಎದೆನೋವು ಬರಬಹುದು. ಕಿವಿ ಮುಚ್ಚುವ ಟೋಪಿ ಮತ್ತು ಮೂಗು, ಬಾಯಿಗೊಂದು ವಸ್ತ್ರ ಇರಲಿ. ಉಸಿರಿಗೆಳೆಯುವ ಪಂಪು ಹೋಟೆಲಿನ ಚೀಲದಲ್ಲಿ ಅಲ್ಲ, ಅಂಗಿಯ ಜೇಬಿನಲ್ಲಿರಬೇಕು.

ಮಂಜು ಕರಗುತ್ತಲೇ ಬಿಸಿಲು ಚುರುಗುಟ್ಟುತ್ತದೆ. ಸಾವಿರ ಮೀಟರ್ ಮೇಲೇರಿದಂತೆಲ್ಲ ಅತಿನೇರಳೆ ಕಿರಣಗಳ ತೀಕ್ಷ್ಣತೆ ನೂರಕ್ಕೆ ಹತ್ತರಷ್ಟು ಏರುತ್ತದೆ. ತೆಳು ಮೋಡ ಅದನ್ನು ಹೆಚ್ಚೇನೂ ತಡೆಯುವುದಿಲ್ಲ. ಗಾಳಿ ತಂಪಾಗಿರುವುದರಿಂದ ಚರ್ಮ ಸುಡುತ್ತಿರುವುದು ಗೊತ್ತೇ ಆಗುವುದಿಲ್ಲ. ಬಾಯಾರಿಕೆಯಾಗದಿದ್ದರೂ ಆಗಾಗ ನೀರು ಕುಡಿಯಿರಿ.

ಸಕ್ಕರೆ ಕಾಯಿಲೆಯವರಿಗೊಂದು ಮಾತು. ‘ಎರಡು ಗಂಟೆಯಲ್ಲಿ ಬಂದುಬಿಡುತ್ತೇವೆ’ ಎಂದು ಇನ್ಸುಲಿನ್ ಚುಚ್ಚಿಕೊಂಡು ತಿಂಡಿಯನ್ನು ಮುಂದಕ್ಕೆ ಹಾಕಬೇಡಿ. ಜೀಪುಗಳ ಸಾಲು ನಿಂತರೆ ಎರಡು ಗಂಟೆ ನಾಲ್ಕಾಗುತ್ತದೆ. ಜೇಬಿನಲ್ಲಿ ಸಕ್ಕರೆಯೋ ಬೆಲ್ಲವೋ ಇರಲಿ.

ಮಳೆಗಾಲದಲ್ಲಿ ಹುಲ್ಲಿಗಿಳಿದರೆ ಉಂಬಳ ಹತ್ತುತ್ತದೆ. ಹೆದರಬೇಡಿ, ಕಿತ್ತೆಳೆಯಲೂಬೇಡಿ. ಉಗುರನ್ನು ಚರ್ಮಕ್ಕೆ ಒತ್ತಿ ಅದರ ಬಾಯಿಯ ಅಡಿಗೆ ಸರಿಸಿದರೆ ಕಳಚಿಕೊಳ್ಳುತ್ತದೆ. ಸೋಪು ಹಾಕಿ ತೊಳೆದು, ಬಟ್ಟೆಯಿಂದ ಒತ್ತಿ ಹಿಡಿಯಿರಿ. ಆದರೆ ಭಾರಿ ಮಳೆಯ ದಿನಗಳಲ್ಲಿ ಗುಡ್ಡದ ಹಾದಿಯೇ ಬೇಡ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು ಸುತ್ತಮುತ್ತ ಗುಡ್ಡಗಳು ಹೇಗೆ ಕುಸಿದವೆಂಬುದನ್ನು ಕೊಡಗಿನವರು ಮರೆತಿಲ್ಲ. ರಸ್ತೆ ಮುಚ್ಚಿದೆ ಎಂದು ಜಿಲ್ಲಾಡಳಿತ ಹೇಳಿದ ದಿನ ಹಣ ಹೆಚ್ಚು ಕೊಟ್ಟಾದರೂ ಹೋಗುವ ಹಟ ಸಲ್ಲದು.

ಚಾಲಕರೊಡನೆ ಮಾತು

ಮಲೆನಾಡಿನ ಜೀಪು ಚಾಲಕರು ನುರಿತವರು. ಯಾವ ತಿರುವಿನಲ್ಲಿ ಯಾವ ಕಲ್ಲಿದೆ ಎಂಬುದು ಅವರಿಗೆ ಬಾಯಿಪಾಠ. ಆದರೆ ದಿನಕ್ಕೆ ಎಷ್ಟು ಸುತ್ತು ಹೋದರೆ ಅಷ್ಟು ಅವರ ಸಂಪಾದನೆ. ಅವಸರಕ್ಕೆ ಅದೇ ಕಾರಣ. ಆದ್ದರಿಂದ ಬಾಡಿಗೆ ಮಾತಾಡುವಾಗಲೇ ‘ನಮ್ಮ ಜೊತೆ ವಯಸ್ಸಾದವರಿದ್ದಾರೆ, ನಿಧಾನಕ್ಕೆ ಹೋಗಬೇಕು, ಅರ್ಧ ಗಂಟೆ ಹೆಚ್ಚಾದರೂ ಚಿಂತೆಯಿಲ್ಲ’ ಎಂದು ಹೇಳಿ. ಅದಕ್ಕೆಂದು ಸ್ವಲ್ಪ ಹೆಚ್ಚು ಕೊಟ್ಟರೆ ನಷ್ಟವೇನಿಲ್ಲ. ವೇಗ ಇಳಿದಂತೆ ಬೆನ್ನಿನ ಪೆಟ್ಟೂ ಇಳಿಯುತ್ತದೆ. ಎಷ್ಟು ಜನರಿಗೆ ಪರವಾನಗಿ ಇದೆಯೋ ಅಷ್ಟೇ ಜನ ಹತ್ತಿ. ಒಬ್ಬರ ತೊಡೆಯ ಮೇಲೆ ಇನ್ನೊಬ್ಬರು ಬೇಡ.

ಮರಳಿದ ಮೇಲೆ ಮೈಕೈ ನೋವು ಸಹಜ, ಎರಡು ಮೂರು ದಿನದಲ್ಲಿ ಇಳಿಯುತ್ತದೆ. ಆದರೆ ಬೆನ್ನಿನ ನಡುಮಧ್ಯದ ನೋವು ಇಳಿಯದೆ ಹೆಚ್ಚಾಗುತ್ತಿದ್ದರೆ ಎಕ್ಸರೇ ಅಗತ್ಯ. ಕಾಲು ಜೋಮು ಹಿಡಿಯುವುದು, ಬಲ ಕುಂದುವುದು, ಕೂರುವ ಭಾಗ ಮರಗಟ್ಟುವುದು, ಮೂತ್ರ ಕಟ್ಟುವುದು ಕಂಡರೆ ಬೆಳಗಾಗಲಿ ಎಂದು ಕಾಯಬೇಡಿ. ಗೊತ್ತಿಲ್ಲದೆ ಜೀಪು ಹತ್ತಿದ ಗರ್ಭಿಣಿಗೆ ಹೊಟ್ಟೆನೋವು, ರಕ್ತ ಅಥವಾ ನೀರು ಹೋಗುವುದು, ಮಗುವಿನ ಮಿಸುಕಾಟ ಕಡಿಮೆಯಾಗುವುದು, ಇವುಗಳಲ್ಲಿ ಯಾವುದೇ ಕಂಡರೂ ಹಾಗೆಯೇ. ಕೊಡಗು ವೈದ್ಯಕೀಯ ವಿಜ್ಞಾನ ಸಂಸ್ಥೆಯ ಆಸ್ಪತ್ರೆ ಮಡಿಕೇರಿಯಲ್ಲೇ ಇದೆ. 108ಕ್ಕೆ ಫೋನು ಮಾಡಬಹುದು, ಆದರೆ ಗುಡ್ಡದ ಮೇಲೆ ಮೊಬೈಲು ಸಿಗ್ನಲ್ ನಂಬುವಂತಿಲ್ಲ.

ಕೊನೆಯದಾಗಿ, ಜೀಪು ಹತ್ತದೆ ಉಳಿದವರ ವಿಚಾರ. ‘ಇಷ್ಟು ದೂರ ಬಂದು ಅಜ್ಜಿಯೊಬ್ಬರನ್ನೇ ಬಿಟ್ಟುಹೋಗುವುದೇ?’ ಎಂಬ ಸಂಕೋಚದಿಂದಲೇ ಎಷ್ಟೋ ಮನೆಗಳಲ್ಲಿ ಹಿರಿಯರನ್ನು ಜೀಪಿಗೆ ಹತ್ತಿಸುತ್ತಾರೆ. ಹಿರಿಯರೂ ಮಕ್ಕಳ ಸಂತೋಷಕ್ಕೆ ಕಲ್ಲು ಹಾಕಬಾರದೆಂದು ಬಾಯಿ ಮುಚ್ಚಿಕೊಂಡು ಹತ್ತುತ್ತಾರೆ. ಅದರ ಅಗತ್ಯವೇ ಇಲ್ಲ. ಕೊಡಗಿನ ಅರಸರು ಸೂರ್ಯಾಸ್ತ ನೋಡಲು ಆರಿಸಿಕೊಂಡ ಜಾಗ ಯಾವುದು? ಊರೊಳಗಿನ ರಾಜಾಸೀಟ್! ಕಾರಿನಲ್ಲೇ ಅದರ ಬಾಗಿಲವರೆಗೆ ಹೋಗಬಹುದು. ಬೆಳಿಗ್ಗೆ ಹರೆಯದವರು ಮಾಂದಲ್‌ಪಟ್ಟಿಗೆ ಹೋಗಿಬರಲಿ, ಮನೆಯ ಒಬ್ಬರು ಹಿರಿಯರ ಜೊತೆ ಉಳಿಯಲಿ. ಸಂಜೆ ಎಲ್ಲರೂ ಕೂಡಿ ರಾಜಾಸೀಟಿನಲ್ಲಿ ಕುಳಿತು ಸೂರ್ಯ ಮುಳುಗುವುದನ್ನು ನೋಡಿ. ರಾಜರಿಗೆ ಒಪ್ಪಿದ ನೋಟ ನಮ್ಮ ಅಜ್ಜಿಗೆ ಒಪ್ಪದೇ ಇರುತ್ತದೆಯೇ?