ನಿಮಗಿದು ಗೊತ್ತೇ? ಬೆಂಕಿ ಬಿದ್ದರೆ ಮಣ್ಣಿಗೇನಾಗುತ್ತದೆ?

● ಮಣ್ಣಿನ ಜೀವಿಗಳಲ್ಲಿ ಹೆಚ್ಚಿನವು ವಾಸಿಸುವುದು ಮೇಲಿನ ಕೆಲವೇ ಅಂಗುಲಗಳಲ್ಲಿ. ಬೆಂಕಿಯ ಪೆಟ್ಟು ಬೀಳುವುದೂ ಅಲ್ಲಿಗೇ!

● ಜ್ವಾಲೆಯ ಎತ್ತರಕ್ಕಿಂತ ಶಾಖ ಎಷ್ಟು ಹೊತ್ತು ನಿಂತಿತು ಎಂಬುದೇ ಮುಖ್ಯ. ಒಣಮಣ್ಣಿನಲ್ಲಿ ಶಾಖ ಬೇಗ ಇಳಿಯದು. ಹುಲ್ಲಿನ ಬೆಂಕಿ ಸರ್ರನೆ ದಾಟಿಹೋದರೆ ಐದು ಸೆಂ.ಮೀ. ಆಳದ ಜೀವಿಗಳಿಗೆ ಅದರ ಬಿಸಿ ಅಷ್ಟಾಗಿ ತಟ್ಟುವುದಿಲ್ಲ. ಬಿದ್ದ ದಿಮ್ಮಿ ಗಂಟೆಗಟ್ಟಲೆ ಕೆಂಡವಾಗಿ ಉರಿದರೆ ಮಾತ್ರ ಅವಕ್ಕೂ ಉಳಿಗಾಲವಿಲ್ಲ.

● ಹಸಿ ಮಣ್ಣಾದರೆ ಅಪಾಯವಿಲ್ಲವೇ? ನೀರೆಲ್ಲ ಆವಿಯಾಗುವ ತನಕ ಅದರ ಉಷ್ಣಾಂಶ 100 ಡಿಗ್ರಿ ಸೆಲ್ಸಿಯಸ್ ದಾಟುವುದಿಲ್ಲ, ನಿಜ. ಆದರೆ ಸೂಕ್ಷ್ಮಜೀವಿಗಳಿಗೆ ಒಣಶಾಖಕ್ಕಿಂತ ಹಬೆಯೇ ಮಾರಕ. ಆಸ್ಪತ್ರೆಗಳಲ್ಲಿ ಉಪಕರಣಗಳನ್ನು ಹಬೆಯಲ್ಲಿಟ್ಟು ಶುದ್ಧಿ ಮಾಡುವುದೂ ಇದಕ್ಕೇ.

● ಶಾಖಕ್ಕೆ ಮೊದಲು ಸೋಲುವುದು ಶಿಲೀಂಧ್ರಗಳು. ಬ್ಯಾಕ್ಟೀರಿಯಾಗಳು ಗಟ್ಟಿ ಜೀವಗಳು. ಸಾಮಾನ್ಯವಾಗಿ ಅವೇ ಮೊದಲು ಚೇತರಿಸಿಕೊಳ್ಳುತ್ತವೆ. ಬೇರುಗಳಿಗೆ ರಂಜಕ ತಂದುಕೊಡುವ ಮೈಕೊರೈಜಾ ಶಿಲೀಂಧ್ರಗಳು ಮರಳಲು ವರ್ಷಗಳೇ ಬೇಕಾಗಬಹುದು.

● ಬಿಸಿ ತಾಗದೆ ಏಳದ ಶಿಲೀಂಧ್ರವೂ ಇದೆ! ನ್ಯೂರೋಸ್ಪೋರಾದ ಒಂದು ಬಗೆಯ ಬೀಜಕಗಳು ಸುಮಾರು 60 ಡಿಗ್ರಿ ಶಾಖದಲ್ಲಿ ಅರ್ಧ ಗಂಟೆ ಕಳೆದರೆ ಮೊಳೆಯುತ್ತವೆ. ಬೆಂಕಿ ಬಿದ್ದ ಕಬ್ಬಿನ ಗದ್ದೆಯಲ್ಲಿ ಕಿತ್ತಳೆ ಬಣ್ಣದ ಬೂಷ್ಟು ಕಂಡರೆ ಅದು ಇದೇ ಇರಬಹುದು. ಇದರ ಮೇಲೆ ಪ್ರಯೋಗ ನಡೆಸಿ ಜೀನ್‌ಗಳ ಕೆಲಸವನ್ನು ತೋರಿಸಿಕೊಟ್ಟ ಬೀಡಲ್ ಮತ್ತು ಟೇಟಮ್ 1958ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದರು.

● ಹೊಗೆಗೂ ಬೀಜ ಎಬ್ಬಿಸುವ ಶಕ್ತಿಯುಂಟು. ಸುಟ್ಟ ಗಿಡಗಳ ಹೊಗೆಯಲ್ಲಿರುವ ಕ್ಯಾರಿಕಿನ್ ಎಂಬ ರಾಸಾಯನಿಕ ಮಣ್ಣಲ್ಲಿ ಮಲಗಿದ ಬೀಜಗಳನ್ನು ಮೊಳೆಯಿಸುತ್ತದೆ. ವಿಜ್ಞಾನಿಗಳು ಇದನ್ನು ಗುರುತಿಸಿದ್ದು 2004ರಲ್ಲಿ.

● ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹಿಂದೆ ಬೇಸಿಗೆಯ ಆರಂಭದಲ್ಲೇ ತರಗೆಲೆಗೆ ಸಣ್ಣ ಬೆಂಕಿ ಹಾಕುತ್ತಿದ್ದರು. ಅದೇ ತರಗುಬೆಂಕಿ. ತರಗು ರಾಶಿಬೀಳದಿದ್ದರೆ ಕಡುಬೇಸಿಗೆಯಲ್ಲಿ ದೊಡ್ಡ ಕಿಚ್ಚಿಗೆ ಮೇವೂ ಕಡಿಮೆ.

● ಬೂದಿಯಲ್ಲಿ ಸುಣ್ಣ, ಪೊಟ್ಯಾಷ್ ಉಳಿಯುತ್ತವೆ. ಹುಳಿಮಣ್ಣಿನ ಹುಳಿ ತಗ್ಗುತ್ತದೆ. ಕರಾವಳಿಯವರು ತರಗಿನ ಜೊತೆ ಮಣ್ಣು ಸುಟ್ಟು ಮಾಡುವ ಸುಡುಮಣ್ಣು ತರಕಾರಿಗೆ ಒಗ್ಗುವುದಕ್ಕೆ ಇದೂ ಒಂದು ಕಾರಣ. ಆದರೆ ಸಾರಜನಕ ಸುಮಾರು 200 ಡಿಗ್ರಿಗೇ ಗಾಳಿಗೆ ಹಾರತೊಡಗುತ್ತದೆ.

● ಹಾಗಾಗಿ ಕಬ್ಬಿನ ರವದಿಗೆ (ಒಣಗರಿಗೆ) ಕಡ್ಡಿ ಗೀರಿದರೆ ಯೂರಿಯಾ ಕೊಂಡು ತುಂಬಬೇಕಾದ ಸಾರಜನಕವನ್ನೇ ಸುಟ್ಟಂತೆ. ಅದನ್ನು ಸಾಲಿನ ನಡುವೆ ಹೊದಿಸಿದರೆ ತೇವ ನಿಲ್ಲುತ್ತದೆ, ಎರೆಹುಳುಗಳಿಗೆ ಮೇವು ಸಿಗುತ್ತದೆ, ಗೊಬ್ಬರದ ಖರ್ಚೂ ಇಳಿಯುತ್ತದೆ.