ಉಡದಾರ ಬಿಗಿ ಆಗೇದೇನ್ರಿ? ಹಂಗಾದ್ರ ಸಕ್ಕರಿ ನೋಡಸ್ರಿ!

ಬೈಲಹೊಂಗಲ: ಪೇಟೆಯಲ್ಲಿ ಗಾದಿ ಮೇಲೆ ಕುಳಿತ ಯಾವ ಸಾಹುಕಾರರನ್ನು ಬೇಕಾದರೂ ಕೇಳಿ ನೋಡಿ. “ಸಕ್ಕರಿ ನೋಡಿಸೀರೇನ್ರಿ?” ಎಂದರೆ “ನನಗೇನಾಗೇತಿ? ಉಣ್ತೀನಿ, ಮಲಗ್ತೀನಿ, ಯಾಪಾರ ಮಾಡ್ತೀನಿ” ಎಂಬ ಉತ್ತರ ಸಿದ್ಧವಾಗಿರುತ್ತದೆ. ಈ ಬ್ಯಾನಿಯ ಕಳ್ಳತನವೇ ಅಂಥದ್ದು. ವರ್ಷಗಟ್ಟಲೆ ಸದ್ದಿಲ್ಲದೆ ಒಳಗಿದ್ದು, ಕಾಲಿನ ಹುಣ್ಣು ಮಾಯದಿದ್ದಾಗಲೋ ಕಣ್ಣು ಮಂಜಾದಾಗಲೋ ಹೊರಬೀಳುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನ ಸಮೀಕ್ಷೆ 2023ರಲ್ಲಿ ಹೇಳಿದ ಲೆಕ್ಕ: ದೇಶದಲ್ಲಿ ಸಕ್ಕರೆ ಕಾಯಿಲೆಯವರು 10.1 ಕೋಟಿ, ಅಂಚಿನ ಮೇಲೆ ನಿಂತವರು 13.6 ಕೋಟಿ!

ಸೂಜಿಗೆ ಹೆದರುವವರಿಗೆ ಒಂದು ಸುದ್ದಿ ಇದೆ. ಮೊದಲ ಹೆಜ್ಜೆಗೆ ಸೂಜಿ ಬೇಡ, ಸಿಂಪಿಗರ ಟೇಪು ಸಾಕು. ಚೆನ್ನೈಯ ಡಾ. ವಿ. ಮೋಹನ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಂಕಪಟ್ಟಿಯಲ್ಲಿ ಇರುವುದು ನಾಲ್ಕೇ ಪ್ರಶ್ನೆ: ವಯಸ್ಸು, ಸೊಂಟದ ಸುತ್ತಳತೆ, ಮೈಗೆ ಕೆಲಸ ಎಷ್ಟು, ತಂದೆ ತಾಯಿಗೆ ಸಕ್ಕರೆ ಇತ್ತೇ. ಒಟ್ಟು ನೂರು ಅಂಕ. 60 ದಾಟಿದರೆ, ಅಥವಾ ಸರಿಯಾಗಿ 60 ಬಂದರೂ, ಅಪಾಯ ಹೆಚ್ಚು.

ಒಬ್ಬ ಕಿರಾಣಿ ಅಂಗಡಿಯವರ ಲೆಕ್ಕ ಹಾಕೋಣ. ವಯಸ್ಸು 48, ಅದಕ್ಕೆ 20. ಸೊಂಟ 96 ಸೆಂಟಿಮೀಟರ್, ಅದಕ್ಕೆ 10. ಮುಂಜಾನಿಂದ ರಾತ್ರಿತನಕ ಗಲ್ಲಾದ ಮುಂದೆ ಕೂತೇ ಇರುವವರು, ಅದಕ್ಕೆ 30. ತಾಯಿಗೆ ಸಕ್ಕರೆ ಇತ್ತು, ಮತ್ತೆ 10. ಒಟ್ಟು ಎಪ್ಪತ್ತು! ಅವರ ಮೂಟೆ ಹೊರುವ ಹಮಾಲನಿಗೆ 52 ವರ್ಷವಾದ್ದರಿಂದ 30 ಬರುತ್ತದೆ. ಸೊಂಟ ಸಣ್ಣದು, ದುಡಿಮೆ ದೊಡ್ಡದು, ಮನೆತನದಲ್ಲಿ ಕಾಯಿಲೆಯಿಲ್ಲ. ಹೀಗಾಗಿ ಅಲ್ಲಿಗೇ ನಿಲ್ಲುತ್ತದೆ.

ಅಳೆಯುವಾಗ ಪ್ಯಾಂಟಿನ ನಂಬರು ಹೇಳಬೇಡಿ. ನಮ್ಮವರು ಪ್ಯಾಂಟನ್ನು ಹೊಟ್ಟೆಯ ಕೆಳಗೆ ಇಳಿಸಿ, “ನಂದು ಮೂವತ್ನಾಕೇ” ಎನ್ನುತ್ತಾರೆ! ಕೊನೆಯ ಪಕ್ಕೆಲುಬಿಗೂ ಸೊಂಟದ ಎಲುಬಿಗೂ ನಡುವೆ, ಉಸಿರು ಬಿಟ್ಟು ಅಳೆಯಬೇಕು. ಗಂಡಸರಿಗೆ 90 ಸೆಂಟಿಮೀಟರ್ (ಸುಮಾರು ಮೂವತ್ತೈದೂವರೆ ಇಂಚು), ಹೆಂಗಸರಿಗೆ 80 (ಮೂವತ್ತೊಂದೂವರೆ) ಆದರೆ ಅಂಕ ಏರತೊಡಗುತ್ತದೆ.

ರಕ್ತದ ಸಕ್ಕರೆಗೂ ಹೊಟ್ಟೆಗೂ ಏನು ಸಂಬಂಧ? ಹೊಟ್ಟೆಯೊಳಗಿನ ಕೊಬ್ಬು ಹೆಚ್ಚಾದಷ್ಟೂ ಇನ್ಸುಲಿನ್ನಿನ ಮಾತು ದೇಹ ಕೇಳುವುದಿಲ್ಲ. ಉಂಡದ್ದರಿಂದ ಬಂದ ಸಕ್ಕರೆಯನ್ನು ಹೆಚ್ಚಾಗಿ ಎಳೆದುಕೊಳ್ಳುವುದು ಸ್ನಾಯುಗಳು. ಕೂತಲ್ಲೇ ಕೂತರೆ ಅವೂ ಎಳೆಯುವುದು ಕಡಿಮೆ ಮಾಡುತ್ತವೆ. ಸಕ್ಕರೆ ರಕ್ತದಲ್ಲೇ ಉಳಿಯುತ್ತದೆ.

ಆದರೆ ಟೇಪಿಗೆ ಸಕ್ಕರೆ ಕಾಣುವುದಿಲ್ಲ ಎಂಬುದನ್ನು ಮರೆಯುವಂತಿಲ್ಲ. ಚೆನ್ನೈಯ ಪರೀಕ್ಷೆಯಲ್ಲೇ ಕಾಯಿಲೆ ಇದ್ದ ನೂರರಲ್ಲಿ ಸುಮಾರು 72 ಮಂದಿ ಸಿಕ್ಕರು, 28 ಮಂದಿ ತಪ್ಪಿಸಿಕೊಂಡರು. ಕಾಯಿಲೆ ಇಲ್ಲದ ನೂರರಲ್ಲಿ 40 ಮಂದಿ ಸುಮ್ಮನೆ ಗಾಬರಿಯಾಗಬೇಕಾಯಿತು. ಹಮಾಲ ಕೂಡ ನಿಶ್ಚಿಂತನಲ್ಲ. ಯಾರನ್ನು ಮೊದಲು ಕರೆಯಬೇಕು ಎಂಬುದಷ್ಟೇ ಅಂಕದ ಕೆಲಸ. ತೀರ್ಪು ರಕ್ತದ್ದು: ಹಸಿದ ಹೊಟ್ಟೆಯಲ್ಲಿ 126 ಅಥವಾ ಹೆಚ್ಚು ಬಂದು, ಮರುಪರೀಕ್ಷೆಯಲ್ಲೂ ಹಾಗೇ ಇದ್ದರೆ ಕಾಯಿಲೆ, 100ರಿಂದ 125 ಅಂದರೆ ಅಂಚು.

ಚುಚ್ಚದೆಯೇ ಸಕ್ಕರೆ ತೋರಿಸುತ್ತದೆಂದು ಕೈಗಡಿಯಾರ, ಉಂಗುರ ಮಾರುವವರೂ ಇದ್ದಾರೆ. ಇಂಥ ಯಾವುದಕ್ಕೂ ತಾನು ಒಪ್ಪಿಗೆ ಕೊಟ್ಟಿಲ್ಲವೆಂದು ಅಮೆರಿಕದ ಔಷಧ ಇಲಾಖೆ 2024ರ ಫೆಬ್ರವರಿಯಲ್ಲೇ ಎಚ್ಚರಿಸಿದೆ. ಅದಕ್ಕೆ ರೊಕ್ಕ ಹಾಕುವುದಕ್ಕಿಂತ ಟೇಪು ಎಷ್ಟೋ ಪಾಡು!

ಮೂವತ್ತು ದಾಟಿದವರಿಗಾಗಿ ಇಂಥದೇ ಪ್ರಶ್ನೆಗಳ ಸರಕಾರಿ ನಮೂನೆಯನ್ನು ಆಶಾ ಅಕ್ಕಂದಿರು ಮನೆಮನೆಗೆ ತರುತ್ತಾರೆ. ತಂಬಾಕು, ಸೆರೆಯ ಪ್ರಶ್ನೆಯೂ ಅದರಲ್ಲುಂಟು. ಒಟ್ಟು ನಾಲ್ಕು ದಾಟಿದವರನ್ನು ಮೊದಲು ಪರೀಕ್ಷೆಗೆ ಕಳಿಸಬೇಕು. ತೊಡಕು ಎಲ್ಲಿ ಎಂದರೆ, ಅವರು ಬರುವುದು ಹಗಲಿನಲ್ಲಿ. ಆಗ ಸಾಹುಕಾರರು ಅಂಗಡಿಯಲ್ಲಿ, ನೌಕರಿಯವರು ಬೆಳಗಾವಿ ಬಸ್ಸಿನಲ್ಲಿ! ಗಂಡನ ಸೊಂಟದ ಅಳತೆಯನ್ನು ಹೆಂಡತಿ ಅಂದಾಜಿನಲ್ಲಿ ಹೇಳಿದರೆ ಆ ಕಾಗದಕ್ಕೆ ಬೆಲೆ ಏನು? ಹೆಚ್ಚು ಹೊತ್ತು ಕೂತಿರುವವರೇ ಪಟ್ಟಿಯಿಂದ ಹೊರಗುಳಿಯುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ಆರೋಗ್ಯ ಇಲಾಖೆ ತಿಂಗಳಿಗೊಂದು ದಿನವಾದರೂ ಟೇಪು ಹಿಡಿದು ಬಸ್ ನಿಲ್ದಾಣಕ್ಕೂ ಪೇಟೆಗೂ ಬರಬೇಕು.

ಅಲ್ಲಿತನಕ, ಅಂಕ ಅರವತ್ತಾದವರು ಮುಂಜಾನೆ ಸರಕಾರಿ ದವಾಖಾನಿಗೆ ಹೋಗಿ ರಕ್ತ ಕೊಟ್ಟು ಬಂದು ಅಂಗಡಿ ತೆಗೆಯಬಹುದು. ಚಹಾ ಮಾತ್ರ ಆಮೇಲೆ ಕುಡಿಯಿರಿ.