ಹಳೇ ಕುರ್ಚಿ, ಹೊಸ ಫ್ಲ್ಯಾಟು

ಕಳೆದ ತಿಂಗಳು ನಾಲ್ಕು ಹಳೇ ಕುರ್ಚಿ ಕೊಂಡೆ. ವಿಡಿಯೋ ಕಾಲ್‌ನಲ್ಲಿ ತೋರಿಸಿದರೆ ಅಮ್ಮ, "ಯಾರೋ ಬಳಸಿ ಬಿಟ್ಟಿದ್ದನ್ನ ಯಾಕೋ ತಂದೆ? ನಿನ್ನ ಸಂಬಳಕ್ಕೆ ಹೊಸದು ಬರಲ್ವಾ?" ಅಂದ್ರು.

ಬರುತ್ತೆ. ಇಂಗ್ಲೆಂಡಿಗೆ ಬಂದ ಹೊಸದರಲ್ಲಿ ಹೊಸದನ್ನೇ ಕೊಂಡಿದ್ದೆ. ಡಬ್ಬದಲ್ಲಿ ಬಂದ ಪುಸ್ತಕದ ಶೆಲ್ಫ್, ನಾನೇ ಸ್ಕ್ರೂ ಹಾಕಿ ಜೋಡಿಸಿದ್ದು. ಬಾಡಿಗೆ ಮನೆ ಬದಲಾಯಿಸುವಾಗ ಬಿಚ್ಚಿದೆ ನೋಡಿ, ಸ್ಕ್ರೂ ತೂತೆಲ್ಲ ಪುಡಿಪುಡಿ. ಚಿಪ್‌ಬೋರ್ಡಿನ ಹಣೆಬರಹವೇ ಅಷ್ಟು.

ಇಲ್ಲಿನ ಸಹೋದ್ಯೋಗಿಗಳ ಮನೆಗೆ ಹೋದರೆ ಬಿಳಿ ಗೋಡೆ, ಇಂಡಕ್ಷನ್ ಒಲೆ, ನಡುವೆ 1960ರ ದಶಕದ ತೇಗದ ಸೈಡ್‌ಬೋರ್ಡ್. ಅದರ ಮೇಲೆ ವೈಫೈ ರೂಟರ್! ಬರೀ ಶೋಕಿ ಅಂದುಕೊಂಡಿದ್ದೆ. ಆದರೆ ಇದಕ್ಕೆ ಲೆಕ್ಕಾಚಾರವೂ ಇದೆ. ವಿಕ್ಟೋರಿಯಾ ಕಾಲದ ದೈತ್ಯ ಬೀರುಗಳು ಇಲ್ಲಿನ ಇಕ್ಕಟ್ಟಿನ ಮೆಟ್ಟಿಲು ಹತ್ತಲ್ಲ. ಎರಡನೇ ಮಹಾಯುದ್ಧದ ನಂತರದ ಸಾಮಾನು ಹಾಗಲ್ಲ, ಹಗುರ, ಸಣ್ಣ ಕಾಲು.

ಯುದ್ಧದಲ್ಲಿ ಮರಕ್ಕೆ ಬರ ಬಂದು, 1942ರಲ್ಲಿ ಸರ್ಕಾರ 'ಯುಟಿಲಿಟಿ' ಯೋಜನೆ ತಂದಿತು. ಸರ್ಕಾರ ಒಪ್ಪಿದ ಸರಳ ವಿನ್ಯಾಸ ಮಾತ್ರ, ಅದೂ ಹೊಸದಾಗಿ ಮದುವೆಯಾದವರಿಗೆ, ಬಾಂಬಿಗೆ ಮನೆ ಕಳೆದುಕೊಂಡವರಿಗೆ ಮೊದಲು. 1944ರಲ್ಲಿ ಎರ್ಕಾಲ್ ಕಂಪನಿಗೆ 1 ಲಕ್ಷ ಅಡುಗೆಮನೆ ಕುರ್ಚಿಗಳ ಆರ್ಡರ್ ಸಿಕ್ಕಿತು. 1952ಕ್ಕೆ ಯೋಜನೆ ಮುಗೀತು. ಮರುವರ್ಷವೇ ಜಿ-ಪ್ಲಾನ್ ಬಂತು. ಇಡೀ ಸೆಟ್ ಕೊಳ್ಳಬೇಕಿಲ್ಲ, ದುಡ್ಡು ಕೂಡಿದಂತೆ ಒಂದೊಂದೇ ಕೊಳ್ಳಬಹುದು. ಈ ಎರಡೂ ಕಂಪನಿ ಹುಟ್ಟಿದ ಹೈ ವಿಕಂಬ್ ಕುರ್ಚಿಗೇ ಹೆಸರಾದ ಊರು. ಅಲ್ಲಿನ ಫುಟ್‌ಬಾಲ್ ತಂಡವನ್ನು ಈಗಲೂ 'ಚೇರ್‌ಬಾಯ್ಸ್' ಅಂತಾರೆ.

ನನ್ನ ಕುರ್ಚಿಗಳು ಎರ್ಕಾಲ್‌ನವೇ. ಎಲ್ಮ್ ಮರದ ಹಲಗೆ, ಹಬೆಯಲ್ಲಿ ಬಗ್ಗಿಸಿದ ಬೀಚ್ ಮರದ ಬೆನ್ನು. ಚಾರಿಟಿ ಅಂಗಡಿಯಲ್ಲಿ ನಾಲ್ಕಕ್ಕೆ 90 ಪೌಂಡ್.

ನೀವೂ ಇಲ್ಲಿದ್ದು ಕೊಳ್ಳೋದಾದರೆ ತಲೆಕೆಳಗು ಮಾಡಿ ನೋಡಿ. ಗುಂಡುಸೂಜಿ ತೂತು, ಪಕ್ಕದಲ್ಲಿ ಹೊಸ ಪುಡಿ ಕಂಡರೆ ಹುಳ ಇನ್ನೂ ಒಳಗಿದೆ ಅಂತಲೇ ಅರ್ಥ. ಸೋಫಾ ಆದರೆ ಬೆಂಕಿ ಸುರಕ್ಷತೆಯ ಲೇಬಲ್ ಹುಡುಕಿ. ಹಳೇ ಫೋಮ್‌ಗೆ ಬೆಂಕಿ ತಗುಲಿದರೆ ಹೊಗೆಯೇ ಕೊಲ್ಲುತ್ತೆ. ಅದಕ್ಕೇ 1988ರ ನಿಯಮ ಬಂದಿದ್ದು. ಲೇಬಲ್ ಇಲ್ಲದ ಸೋಫಾವನ್ನ ಚಾರಿಟಿ ಅಂಗಡಿಯವರು ಪುಕ್ಕಟೆ ಕೊಟ್ಟರೂ ಮುಟ್ಟಲ್ಲ.

ಇದೆಲ್ಲ ಅಮ್ಮನಿಗೆ ಹೇಳಿದೆ. ಅವರ ಪ್ರಶ್ನೆ ಒಂದೇ: "ಅದರ ಮೇಲೆ ಕೂರ್ತಿದ್ದೋರು ಈಗೆಲ್ಲಿ?" ಇಂಥ ಸಾಮಾನು ಬಹಳಷ್ಟು ಬರೋದೇ ತೀರಿಹೋದ ಹಿರಿಯರ ಮನೆ ಖಾಲಿ ಮಾಡಿದಾಗ. ಸುಳ್ಳು ಹೇಳೋಕೆ ಬಾಯಿ ಬರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅರಿಶಿನದ ನೀರು ಹಾಕಿ ಒರೆಸು" ಅಂದ್ರು.

ಒರೆಸಿದ್ದೇನೆ. ಮುಂದಿನ ತಿಂಗಳು ಬರ್ತಿದ್ದಾರೆ. ಮಂಡಿ ನೋವು, ನೆಲದ ಮೇಲೆ ಕೂರೋಕಾಗಲ್ಲ. ಮನೇಲಿರೋದು ಈ ನಾಲ್ಕೇ ಕುರ್ಚಿ.